ಆರನೇ ಬೆರಳು

ಶಿಡ್ಲಘಟ್ಟದಲ್ಲಿ, ಗೂಡಿನ ಮಾರುಕಟ್ಟೆಯ ಹಿಂದುಗಡೆ
ನಂದೊಂದು ಬಾಡಿಗೆ ಪುಸ್ತಕದ ಅಂಗಡಿಯಿತ್ತು.
ದಿನಕ್ಕೆ ಎಂಟಾಣೆ. ಹಾಳೆ ಮಡಿಸಿದರೆ ನಾಲ್ಕಾಣೆ ಜಾಸ್ತಿ.
ವಾಪಸು ಬಂದ ಪುಸ್ತಕ ಮೂಗಿಗೆ ಹಿಡಿದು ಹೇಳುತ್ತಿದ್ದೆ
ಯಾರ ಮನೆಯಲ್ಲಿ ಮಲಗೆದ್ದು ಬಂತೆಂದು:
ಬೆಂದ ಗೂಡು, ಸಾಂಬ್ರಾಣಿ, ಡೀಸೆಲ್ಲು,
ಒಮ್ಮೊಮ್ಮೆ ಕೂಸಿನ ಉಚ್ಚೆ.

ನೆಟ್ಟಗಿನ ನಾಯಕರು ಬೇಕಾದಷ್ಟಿದ್ದರು ಕಪಾಟಿನಲ್ಲಿ.
ಆರಡಿ ಎತ್ತರ, ಬಿಳಿ ಕಾರು, ಬಗ್ಗದ ಬೆನ್ನು.
ಅವರ ಮೇಲೆ ಧೂಳು ಕೂರುತ್ತಿತ್ತು, ಮರ್ಯಾದೆಯಿಂದ.
ಬೈಂಡು ಕಿತ್ತು ಬರುತ್ತಿದ್ದುದು ಕನಕಾಂಗಿಯದು.

ಬಲಗೈಗೆ ಆರು ಬೆರಳು ಅವಳಿಗೆ.
ಕಳ್ಳಿ. ಒಡವೆ ಮುಟ್ಟಳು, ದುಡ್ಡು ಮುಟ್ಟಳು,
ಬೀಗದ ಕೈ ಮಾತ್ರ ಕದಿಯುವಳು.
ರಾತ್ರಿ ಗೋಣಿಚೀಲದ ಮೇಲೆ ಹರವಿಕೊಂಡು
ಒಂದೊಂದಕ್ಕೂ ಹೆಸರಿಟ್ಟು ಮಾತಾಡಿಸುವಳು.
ಅತ್ತ ಯಜಮಾನರೆಲ್ಲ ತಂತಮ್ಮ ಬಾಗಿಲಲ್ಲೇ
ಭಿಕ್ಷೆಗೆ ಬಂದವರ ಹಾಗೆ ನಿಂತಿರುವರು.

ಮೂರು ಪ್ರತಿ ತರಿಸಿದ್ದೆ. ಸಾಲುತ್ತಿರಲಿಲ್ಲ.

ಖುರ್ಷಿದಾ ಫಿಲೇಚರಿನಿಂದ ನೆಟ್ಟಗೆ ಇಲ್ಲಿಗೇ ಬರುವಳು.
ಬಿಸಿನೀರಲ್ಲಿ ಎಳೆ ಹುಡುಕಿ ಹುಡುಕಿ
ಬೆರಳ ತುದಿ ಬೆಳ್ಳಗೆ ಸುಲಿದು
ಹೆಬ್ಬೆಟ್ಟು ಒತ್ತಿದರೆ ಗೆರೆಯೇ ಮೂಡದು.
'ನಾನೂ ಕದ್ರೆ ಪೊಲೀಸ್ನೋರಿಗೆ ಸಿಗಲ್ಲ ಕಣಣ್ಣಾ'
ಎಂದು ನಕ್ಕಿದ್ದಳು ಒಂದು ಸಲ, ಬಾಯಿಗೆ ಸೆರಗಡ್ಡ ಇಟ್ಟು.

ಚಿಂತಾಮಣಿ ಬಸ್ಸಿನ ಕಂಡಕ್ಟರ್ ಪಿಳ್ಳಪ್ಪ,
ನಲವತ್ತಾಗಿತ್ತು, ಮದುವೆ ಯಾಕಿಲ್ಲವೆಂದು
ಊರು ಕೇಳಿ ಕೇಳಿ ಸುಸ್ತಾಗಿ ಬಿಟ್ಟಿತ್ತು.
ಹೊಸದಾಗಿ ವರ್ಗವಾಗಿ ಬಂದ ಸಬ್ ರಿಜಿಸ್ಟ್ರಾರು
'ನಮ್ಮನೇಲಿ ಯಾರೋ ಓದ್ತಾರಂತೆ' ಅಂದು
ಪೇಪರಿನಲ್ಲಿ ಸುತ್ತಿಸಿಕೊಂಡು ಒಯ್ಯುವರು, ಮೀನಿನ ಹಾಗೆ.

ಏನಿದೆ ಅವಳಲ್ಲಿ, ಕೇಳಿಯೇಬಿಟ್ಟೆ.
ಕತೆ ಚೆನ್ನಾಗೈತೆ ಅಂದರು. ಟೈಂಪಾಸು ಅಂದರು.
ಸುಳ್ಳು. ಪುಸ್ತಕವೇ ಹೇಳುತ್ತಿತ್ತು ನಿಜ.
ಪೊಲೀಸರು ಅಟ್ಟಿಸಿಕೊಂಡು ಹೋಗುವ ಪುಟಗಳು
ಅಚ್ಚಾದ ದಿನದಷ್ಟೇ ಬಿಳುಪು.
ಕಪ್ಪಿಟ್ಟಿದ್ದು ನಲವತ್ತೊಂದನೇ ಪುಟ.
ಅಲ್ಲಿ ಏನೂ ನಡೆಯುವುದಿಲ್ಲ:
ಬಳೆಗಾರನೊಬ್ಬ ಅವಳ ಕೈ ಹಿಡಿದು
ಹಸಿರು ಗಾಜಿನ ಬಳೆ ತೊಡಿಸುತ್ತಾನೆ.
ಬೆರಳು ಎಣಿಸುವುದಿಲ್ಲ.
ಅಷ್ಟೇ.

ಕೊನೇ ಅಧ್ಯಾಯದಲ್ಲಿ ಬರೆದವನಿಗೆ ಏನು ಹೆದರಿಕೆಯೋ,
ಒಬ್ಬ ಒಳ್ಳೆಯ ಡಾಕ್ಟರನ್ನು ತಂದಿದ್ದ.
ಆ ಹೆಚ್ಚಿನ ಬೆರಳು ಕತ್ತರಿಸಿ ಹೊಲಿದು
ಅವಳನ್ನೇ ಮದುವೆಯೂ ಆಗುತ್ತಾನೆ.
ಅವಳು ಬೀಗದ ಕೈಗಳನ್ನೆಲ್ಲ ತಟ್ಟೆಯಲ್ಲಿಟ್ಟು
ಮನೆ ಮನೆಗೂ ಹಿಂತಿರುಗಿಸಿ ಬರುತ್ತಾಳೆ.

ಮೊದಲ ಪ್ರತಿಯಲ್ಲಿ ಆ ಹಾಳೆಗಳು ಹರಿದುಹೋದಾಗ
ಅಂಗಡಿ ಮುಂದೆ ನಿಂತು ಬೈದೆ, ಬೀದಿಗೆ ಕೇಳುವಂತೆ.
ಎರಡನೆಯದರಲ್ಲೂ ಹರಿದಾಗ ಸುಮ್ಮನಾದೆ.
ಮೂರನೆಯದರಲ್ಲಿ ಬ್ಲೇಡು ಹಾಕಿದ್ದರು, ಸ್ಕೇಲು ಹಿಡಿದು,
ಸರ್ಕಾರಿ ನೌಕರರ ನಾಜೂಕು.

ಟೈಪಿಂಗ್ ಕಲಿಯುವ ಹುಡುಗಿಯೊಬ್ಬಳು, ಮಾತು ತೊದಲುವವಳು,
ಬಂದು ಕೇಳಿದಳು: ಕೊ... ಕೊನೆಗೆ ಏನಾಯ್ತು?
ನಾನೊಬ್ಬನೇ ಪೂರ್ತಿ ಓದಿದವನು ಉಳಿದಿದ್ದೆ.
ರಾತ್ರಿ ಲೆಕ್ಕದ ಪುಸ್ತಕದ ಹಾಳೆ ಕಿತ್ತು
ನೆನಪಿನಿಂದ ಬರೆಯಲು ಕೂತೆ.
ಆಸ್ಪತ್ರೆ. ಸ್ಪಿರಿಟ್ಟಿನ ವಾಸನೆ.
ಡಾಕ್ಟರು ಕೈಗವಸು ತೊಟ್ಟರು.
ಅಲ್ಲಿಗೆ ಪೆನ್ನು ನಿಂತಿತು.

ಹೊರಗೆ ನಲ್ಲಿಯ ಹತ್ತಿರ
ಎರಡನೇ ಪಾಳಿ ಬಿಟ್ಟ ಹೆಂಗಸರು ಕೈ ತೊಳೆಯುತ್ತಿದ್ದರು.
ಎಷ್ಟು ತೊಳೆದರೂ ಹೋಗದ ವಾಸನೆ.

ನಾನು ಬರೆದೆ: ಕರೆಂಟು ಹೋಯಿತು.
ಬಂದಾಗ ಮೇಜು ಖಾಲಿ.
ಡಾಕ್ಟರರ ಕಪಾಟಿನ ಬೀಗದ ಕೈ ಇರಲಿಲ್ಲ.

ಗೋಂದು ಹಚ್ಚಿ ಮೂರು ಪ್ರತಿಗೂ ಅಂಟಿಸಿದೆ.
ಕೆಟ್ಟ ಬರಹ, ಕಾಗುಣಿತವೂ ತಪ್ಪು.
ಆಮೇಲೆ ಯಾರೂ ಹರಿಯಲಿಲ್ಲ.
ಮೂಲೆ ಮಡಿಸಿರುತ್ತಿದ್ದರು, ಅಷ್ಟೇ;
ಆ ನಾಲ್ಕಾಣೆ ನಾನು ಕೇಳಲಿಲ್ಲ.