ದೂರಿಲ್ಲದ ವಾರ

ದೂರಿನ ಪುಸ್ತಕ ಖಾಲಿ.
ಮೂರು ದಿನದಿಂದ ಒಂದು ಫೋನೂ ಇಲ್ಲ,
ಕೊಳೆತ ಮೊಟ್ಟೆ ನಾರುತ್ತಿದೆ ಮೇಡಂ ಎಂದು
ಯಾರೂ ಕರೆದಿಲ್ಲ.
ಆಫೀಸಿನಲ್ಲಿ ಇದನ್ನು ಒಳ್ಳೆಯ ವಾರ ಎನ್ನುತ್ತಾರೆ.

ಆದರೆ ಹೂಮಳೆ ಬಿದ್ದು ಹನ್ನೊಂದು ದಿನ.
ಸುಂಟಿಕೊಪ್ಪದ ಸುತ್ತ ತೋಟವೆಲ್ಲ ಒಟ್ಟಿಗೆ ಬಿರಿದಿದೆ,
ರೊಬಸ್ಟ ಹೂವು ಊರಿನ ಮೂಗನ್ನು
ಇಡಿಯಾಗಿ ಗುತ್ತಿಗೆಗೆ ಹಿಡಿದಿದೆ.
ಬಸ್ಸಿನ ಹೊಗೆ, ಮೀನಿನ ಬುಟ್ಟಿ, ಹಂದಿಗೂಡಿನ ಗಾಳಿ
ಯಾವುದಕ್ಕೂ ಈಗ ವಿಳಾಸವಿಲ್ಲ.
ಅವುಗಳ ನಡುವೆ ಎಲ್ಲೋ ನನ್ನ ಗ್ಯಾಸೂ.

ಹುಟ್ಟಿನಿಂದ ಅದಕ್ಕೆ ವಾಸನೆಯೇ ಇಲ್ಲ.
ಊರೊಳಗೆ ಬಿಡುವ ಮೊದಲು ನಾವೇ ಬೆರೆಸುತ್ತೇವೆ
ಒಂದಿಷ್ಟು ದುರ್ನಾತ,
ಕಳ್ಳಬೆಕ್ಕಿನ ಕೊರಳಿಗೆ ಗೆಜ್ಜೆ.
ಈ ವಾರ ಗೆಜ್ಜೆ ಕೇಳಿಸದು.
ಬೆಕ್ಕಿಗೇನು ರಜೆಯಿಲ್ಲ.

ಯಂತ್ರ ಹೆಗಲಿಗೇರಿಸಿ ಹೊರಟೆ.
ಸಂತೆಯ ಜಾಗದಿಂದ ಚರ್ಚಿನ ಇಳಿಜಾರಿನವರೆಗೆ
ನೆಲದಡಿಯ ಹಳದಿ ಪೈಪು ಹೋದದ್ದೇ ದಾರಿ.
ಅಕ್ಕಾ, ನಿಧಿ ಹುಡುಕ್ತಿದ್ದೀರಾ? ಶಾಲೆ ಮಕ್ಕಳು.
ಹೌದು ಅಂದೆ, ಸೋರೋ ನಿಧಿ.

ಪೆಮ್ಮಯ್ಯನವರ ಬೇಲಿಯ ಹತ್ತಿರ ಅಂಕಿ ಎದ್ದಿತು.
ಸಿಲ್ವರ್ ಮರಕ್ಕೆ ಹಬ್ಬಿದ್ದ ಎರಡು ಮೆಣಸಿನ ಬಳ್ಳಿ
ಒಣಗಿ ಹಗ್ಗವಾಗಿವೆ.
"ಸೊರಗು ರೋಗ," ಎಂದರು ಅವರು,
"ಎರಡು ಸಲ ಬೋರ್ಡೋ ಹೊಡೆದೆ, ಬುಡಕ್ಕೂ ಸುರಿದೆ,
ಔಷಧಿ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದೆ."
ನೆಲಕ್ಕೆ ಸಲಾಕೆಯಿಂದ ತೂತು ಹಾಕಿ ಯಂತ್ರದ ಮೂತಿ ಇಟ್ಟೆ.
ಕಿರುಚಿತು.
ಬೇರು ಉಸಿರಾಡುವ ಜಾಗದಲ್ಲಿ
ಬೇರೆ ಯಾರೋ ಬಿಡಾರ ಹೂಡಿದ್ದರು.
ಪೆಮ್ಮಯ್ಯ ಬಹಳ ಹೊತ್ತು ಬಳ್ಳಿಯನ್ನೇ ನೋಡಿ
"ಹಾಗಾದರೆ ಅಂಗಡಿಯವನಿಗೆ ಬೈದದ್ದು ತಪ್ಪಾಯಿತಲ್ಲ," ಎಂದರು.

ವಾಸು ಪೂಜಾರಿ ಅಗೆದ.
ಕಳೆದ ಕಕ್ಕಡದಲ್ಲಿ ದಿಣ್ಣೆ ಎರಡು ಬೆರಳು ಜಾರಿತ್ತು,
ಪೈಪಿನ ಸಂದು ಬಾಯಿ ಬಿಟ್ಟಿತ್ತು, ಕೂದಲೆಳೆಯಷ್ಟು.
ಸೋಪಿನ ನೀರು ಸವರಿದಾಗ ಒಂದೇ ಕಡೆ ಗುಳ್ಳೆ,
ನಿದ್ದೆಯ ಮಗುವಿನ ತುಟಿಯಲ್ಲಿ ಕಾಣುವಂಥದ್ದು.
"ಇಷ್ಟೇನಾ?"
ಇಷ್ಟೇ. ಮೇಲೆ ಹೋದ ಮೇಲೆ ಇಷ್ಟೇ ಅಲ್ಲ.
ತೂಕಕ್ಕೆ ತೂಕ ಇಟ್ಟರೆ ಒಲೆಯಿಂದೇಳುವ ಇಂಗಾಲಾಮ್ಲಕ್ಕಿಂತ
ಎಂಬತ್ತು ಪಟ್ಟು ದಪ್ಪ ಕಂಬಳಿ,
ಮೊದಲ ಇಪ್ಪತ್ತು ವರ್ಷದ ಲೆಕ್ಕಕ್ಕೆ.

ಪುಸ್ತಕದ ಕ್ರಮ ಸುಲಭ: ವಾಲ್ವು ಮುಚ್ಚು,
ಪೈಪಿನಲ್ಲಿ ಉಳಿದದ್ದನ್ನು ಗಾಳಿಗೆ ಬಿಡು, ಕತ್ತರಿಸು.
ನಾನು ವಾಲ್ವು ಮುಚ್ಚಿಸಿ
ಆ ಸಾಲಿನ ಹನ್ನೊಂದು ಬಾಗಿಲು ತಟ್ಟಿದೆ.
ಒಲೆ ಹಚ್ಚಿ, ಏನಾದರೂ ಇಡಿ,
ಮುಂದೆ ನಿಂತಿರಿ, ಉರಿ ಕುಗ್ಗುತ್ತಲೇ ನಾಬು ತಿರುಗಿಸಿ.
ಮಧ್ಯಾಹ್ನ ಮೂರಕ್ಕೆ? ಅಂದರು.
ಆಕಾಶಕ್ಕೆ ಹೋಗೋದು ನಿಮ್ಮ ಚಹಾಕ್ಕಾದರೂ ಬರಲಿ ಅಂದೆ.

ಎಲ್ಸಿ ಟೀಚರ್ ಬೆಳಗಿನ ಸಾಂಬಾರನ್ನೇ ಮತ್ತೆ ಕುದಿಸಿದರು.
ಖದೀಜುಮ್ಮ ಪತ್ತಿರಿ ಬೇಯಿಸಿ ಅಗೆಯುವವರಿಗೂ ಕಳಿಸಿದರು.
ದಮಯಂತಿ ನಾಳೆಯ ಕಡಂಬುಟ್ಟು ಇವತ್ತೇ ಇಟ್ಟಳು.
ಹೆಂಡತಿ ಮಡಿಕೇರಿಗೆ ಹೋಗಿದ್ದರಿಂದ ಪೆಮ್ಮಯ್ಯ
ಒಂದು ದೊಡ್ಡ ಪಾತ್ರೆ ನೀರು ಕಾಯಿಸಿದರು,
ಯಾತಕ್ಕೆಂದು ಅವರಿಗೂ ಗೊತ್ತಿಲ್ಲ.

ನೀಲಿ ಉರಿ ಸೊರಗುತ್ತ ಬಂತು,
ಮೊದಲು ಇಳಿಜಾರಿನ ತುದಿಮನೆಯಲ್ಲಿ.
ಹನ್ನೊಂದು ಮನೆಯ ನಾಬನ್ನೂ ನಾನೇ ಮುಟ್ಟಿ ನೋಡಿದೆ.
ಆಮೇಲೆ ಗರಗಸ, ಹೊಸ ಸಂದು, ಬೆಸುಗೆ,
ತಣಿಯುವವರೆಗೆ ಕಾಯುವುದು.
ಸೋಪಿನ ನೀರು ಈಗ ಬರೀ ನೀರು.
ದಮಯಂತಿಯ ಕಡಂಬುಟ್ಟು ಅರ್ಧ ಬೆಂದು ನಿಂತಿತ್ತು;
ಗ್ಯಾಸು ಮರಳಿದಾಗ ಮೊದಲು ಅವಳ ಒಲೆಯನ್ನೇ ಹಚ್ಚಿದೆ.

ರಾತ್ರಿ ಪುಸ್ತಕ ತೆಗೆದು ಬರೆದೆ.
ಒಳ್ಳೆಯ ವಾರ ಕೆಡಿಸಿದೆಯಲ್ಲಮ್ಮ ಎಂದರು ಆಫೀಸಿನಲ್ಲಿ,
ನಗುತ್ತಲೇ; ಪೂರ್ತಿ ನಗುತ್ತ ಅಲ್ಲ.
ದೂರು ಕೊಟ್ಟವರ ಹೆಸರು ಎಂಬ ಕಡೆ ಪೆನ್ನು ನಿಂತಿತು.
ಹೊರಗೆ ಹೂವು ಇನ್ನೂ ಏನನ್ನೂ ಮೂಸಗೊಡುತ್ತಿರಲಿಲ್ಲ.
ಬರೆದೆ: ಮೆಣಸಿನ ಬಳ್ಳಿ, ಎರಡು.
ಪೆಮ್ಮಯ್ಯನವರ ಬೇಲಿ.