ಬ್ರೈಲದಲ್ಲಿ ಟೈಪ್‌ರೈಟರ್ ರಿಪೇರಿ

ವರ್ಷಕ್ಕೊಮ್ಮೆ, ಡ್ಯಾನ್ಯೂಬ್ ಹೆಪ್ಪುಗಟ್ಟುವ ಹೊತ್ತಿಗೆ
ಯಂತ್ರ ಹೊತ್ತು ಠಾಣೆಗೆ ನಡೆಯುತ್ತಿದ್ದರು.
ಎ-ಯಿಂದ ಝೆಡ್‌ವರೆಗೆ ಬಡಿದು ತೋರಿಸಿ, ಕೆಳಗೆ ಹೆಸರು.
ಓದು ಬಂದವರದೂ ಹೆಬ್ಬೆಟ್ಟೇ ಆಗ,
ಅಕ್ಷರದ ಹೆಬ್ಬೆಟ್ಟು.

ಮರುದಿನವೇ ಜೆನೋವಿಯ ಟೀಚರು ನನ್ನಂಗಡಿಗೆ:
"ಈ ಆರ್ ಇದೆಯಲ್ಲ, ಅದರ ಕಾಲು ಚೂರು ಉಜ್ಜಿಕೊಡಿ."
ಯಾಕೆಂದು ಕೇಳಲಿಲ್ಲ. ಅರ ಹುಡುಕಿದೆ.
ಇಬ್ಬರೂ ಹಿಮದ ಮಾತಾಡಿದೆವು.
ಧೈರ್ಯವಲ್ಲ ಅದು, ಹೊಟ್ಟೆ ತೊಳಸುತ್ತಿತ್ತು;
ಉದುರಿದ ಕಬ್ಬಿಣದ ಪುಡಿಯನ್ನು
ಬಾಗಿಲು ಹಾಕಿ ಊದಿದೆ.

ನಿನ್ನೆ ಅವರ ಮೊಮ್ಮಗಳು ಬಂದಿದ್ದಳು.
ಅದೇ ಯಂತ್ರ; ಕೆಫೆಯ ಕಿಟಕಿಗೆ, ಅಲಂಕಾರಕ್ಕಂತೆ.
ರಿಪೇರಿಗೆಷ್ಟು ಎನ್ನುತ್ತ ಫೋನಿಗೆ ಹೆಬ್ಬೆಟ್ಟು ಒತ್ತಿದಳು,
ಯಾವ ಠಾಣೆಯೂ ಕರೆದಿರಲಿಲ್ಲ.

ದುಡ್ಡು ಬೇಡವೆಂದೆ.
ಅರವನ್ನು ಹಳೇ ಪೇಪರಿನಲ್ಲಿ ಸುತ್ತಿ ಕೈಗಿಟ್ಟೆ:
ಆಗಾಗ ಎಣ್ಣೆ ಹಾಕು, ಮಗಳೇ,
ತುಕ್ಕು ಬೇಗ ಹಿಡಿಯುತ್ತೆ.