ಸೀಸನ್ ಟಿಕೆಟ್

ಹಂಪನಕಟ್ಟೆಯ ಮೂರನೇ ಮಾಳಿಗೆಯಲ್ಲಿ
ನೌಶೀರ್ ಕ್ಯಾಲ್ಕುಲೇಟರ್ ನನ್ನತ್ತ ತಿರುಗಿಸಿದ:
ಪಾಸ್ ಆದರೆ ಯಾವ ರೈಲೂ ಹತ್ತಬಹುದು ಟೀಚರ್,
ಮನಸ್ಸಾದಲ್ಲಿ ಇಳಿಯಬಹುದು.
ಬಿಡಿ ಟಿಕೆಟ್ ಈಗಲೇ ತೆಗೆದರೆ ಅಗ್ಗ,
ಆದರೆ ಆ ದಿನ, ಆ ರೈಲು, ಅಷ್ಟೇ.

ಐರಿನ್ ಬೆರಳು ಮಡಚಿದಳು:
ಪ್ಯಾರಿಸ್, ಬಾಸೆಲ್, ಮಿಲಾನ್,
ಪಾಸಿದ್ದರೂ ಕೆಲವು ಸೀಟಿಗೆ ಮತ್ತೆ ದುಡ್ಡು.

ನಾನು ಬೇರೆ ಲೆಕ್ಕದಲ್ಲಿದ್ದೆ.
ಇಪ್ಪತ್ತಾರು ವರ್ಷ, ಕಾಸರಗೋಡಿಗೆ ಸೀಸನ್ ಟಿಕೆಟ್.
ಉಳ್ಳಾಲ, ಮಂಜೇಶ್ವರ, ಉಪ್ಪಳ, ಕುಂಬಳೆ
ಎಲ್ಲ ಕಡೆ ಇಳಿಯುವ ಹಕ್ಕಿತ್ತು,
ತಿಂಗಳು ತಿಂಗಳು ಹಣ ಕಟ್ಟಿದ್ದೆ.
ಇಳಿದದ್ದು ಒಂದೇ ಸಲ, ಮಂಜೇಶ್ವರದಲ್ಲಿ,
ಅದೂ ಹಳಿಗೆ ಎಮ್ಮೆ ಅಡ್ಡ ಬಂದು.
ನೀರು ಕುಡಿದು ಮತ್ತೆ ಹತ್ತಿದೆ.

ಕುಂಬಳೆಯ ಹೊಳೆ ದಿನಕ್ಕೆರಡು ಬಾರಿ
ಕಿಟಕಿಯವರೆಗೆ ಬರುತ್ತಿತ್ತು.
ಉತ್ತರಪತ್ರಿಕೆಯಿಂದ ತಲೆ ಎತ್ತುವಷ್ಟರಲ್ಲಿ
ಸೇತುವೆ ಮುಗಿದಿರುತ್ತಿತ್ತು.

ಯಾವುದು ಮಾಡಲಿ, ಟೀಚರ್?
ಸೋಮವಾರ ಹೇಳುತ್ತೇನೆ.

ಸೆಂಟ್ರಲ್ ಸ್ಟೇಷನ್ನಿನ ಕೌಂಟರಿನಲ್ಲಿ
ಚಿಲ್ಲರೆ ಎಣಿಸಿ ಇಟ್ಟೆ.
ಕುಂಬಳೆಗೆ ಎರಡು.
"ಅಲ್ಲಿ ಎಂತ ಉಂಟು ಮಾರಾಯ್ತಿ?" ಅಂದಳು ಐರಿನ್.
ಗೊತ್ತಿಲ್ಲ.
ಗಾಜಿನಾಚೆಯಿಂದ ಅವನು ಕೇಳಿದ, ರಿಟರ್ನಾ?
ಅದು ಆಮೇಲೆ ನೋಡುವಾ.